ಅಡಿಕೆ ಧಾರಣೆ, ಆಮದು, 351 ರೂಪಾಯಿ: ವಾದಕ್ಕೆ ಕೂರುವ ಮೊದಲು ಯಾವ ಲೆಕ್ಕ ನೋಡಬೇಕು?

ಬದಿಯಡ್ಕ_ತೋಟ ಕೇಳಿದ್ದು:

ಧಾರಣೆ ಹತ್ತು ರೂಪಾಯಿ ಇಳಿದರೆ ಸಾಕು, ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮುಳ್ಳೇರಿಯದವರೆಗೆ ಒಂದೇ ವಾದ ಶುರುವಾಗುತ್ತದೆ. ಕನಿಷ್ಠ ಆಮದು ಬೆಲೆಯನ್ನು ಕೇಂದ್ರ ಸರ್ಕಾರ ಕಿಲೊಗೆ 351 ರೂಪಾಯಿಗೆ ಏರಿಸಿದೆ, ಇನ್ನು ಅಗ್ಗದ ಅಡಿಕೆ ಒಳಗೆ ಬರುವುದಾದರೂ ಹೇಗೆ ಎಂದು ಒಬ್ಬರು ಕೇಳುತ್ತಾರೆ. ಭೂತಾನಿನ 17,000 ಟನ್ನಿಗೆ ಬಾಗಿಲು ತೆರೆದದ್ದೇ ನಮ್ಮ ಸೊಂಟ ಮುರಿದದ್ದು ಎಂದು ಇನ್ನೊಬ್ಬರು. ಇದೆಲ್ಲ ವ್ಯಾಪಾರಿಗಳ ಆಟ, ಮೊಬೈಲಿನಲ್ಲೇ ಹರಾಜು ಮಾಡುವ ವ್ಯವಸ್ಥೆ ಬಂದರೆ ಸರಿಹೋಗುತ್ತದೆ ಎಂದು ಮೂರನೆಯವರು. ಮೂರೂ ಕಡೆಯವರ ಕೈಯಲ್ಲಿ ಪತ್ರಿಕೆಯ ತುಂಡು ಇರುತ್ತದೆ, ಲೆಕ್ಕ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ.

ನನಗೆ ಬೇಕಾದದ್ದು ಇಷ್ಟು: ಈ ಮೂರರಲ್ಲಿ ಕಾಗದ ಇಟ್ಟು ಪರಿಶೀಲಿಸಬಹುದಾದದ್ದು ಯಾವುದು? ಅಂಕಿ ಎಲ್ಲಿ ಸಿಗುತ್ತದೆ, ಅದನ್ನು ಓದುವುದು ಹೇಗೆ? ಪಕ್ಷದ ಉತ್ತರ ಬೇಡ, ದಯವಿಟ್ಟು.

---

ಕುಂಬಳೆ_ಲೆಕ್ಕಪತ್ರ ಉತ್ತರ:

351ರಿಂದಲೇ ಶುರುಮಾಡೋಣ, ಹೆಚ್ಚಿನ ಗೊಂದಲ ಇರುವುದು ಅಲ್ಲಿಯೇ. ಇದು ರೈತನಿಗೆ ಸಿಗುವ ಬೆಂಬಲ ಬೆಲೆ ಅಲ್ಲ. ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಇದೆ, ಅಡಿಕೆಗೆ ಇಲ್ಲ. 351 ಎಂದರೆ ವಿದೇಶಿ ಅಡಿಕೆ ನಮ್ಮ ಬಂದರು ಮುಟ್ಟುವಾಗ ಕಾಗದದಲ್ಲಿ ತೋರಿಸಬೇಕಾದ ಕನಿಷ್ಠ ಸಿಐಎಫ್ ಬೆಲೆ, ಅಂದರೆ ಸರಕಿನ ಬೆಲೆ, ವಿಮೆ, ಸಾಗಾಟ ಮೂರೂ ಸೇರಿದ್ದು. ಮೊದಲು 251 ಇತ್ತು. 2023ರ ಫೆಬ್ರವರಿ 14ರ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅಧಿಸೂಚನೆಯಲ್ಲಿ 351 ಆಯಿತು. ಅದಕ್ಕಿಂತ ಕಡಿಮೆ ತೋರಿಸಿದರೆ ಆಮದು ನಿಷಿದ್ಧ, ಅಷ್ಟು ಅಥವಾ ಹೆಚ್ಚು ತೋರಿಸಿದರೆ ಮುಕ್ತ. ರಫ್ತಿಗೆಂದೇ ಇರುವ ಘಟಕಗಳಿಗೆ, ವಿಶೇಷ ಆರ್ಥಿಕ ವಲಯದವರಿಗೆ, ಅಡ್ವಾನ್ಸ್ ಆಥರೈಸೇಶನ್ (ರಫ್ತು ಸರಕು ತಯಾರಿಸಲು ಸುಂಕವಿಲ್ಲದೆ ತರುವ ಪರವಾನಗಿ) ಇದ್ದವರಿಗೆ ಈ ಷರತ್ತು ಇಲ್ಲ.

ಈಗ ಒಂದು ಗುಣಾಕಾರ ಮಾಡಿ. ಅಡಿಕೆಯ ಮೂಲ ಆಮದು ಸುಂಕ 100%. 351ಕ್ಕೆ ತಂದವನಿಗೆ ಸುಂಕ ಸೇರಿ 702 ಆಗುತ್ತದೆ, ಮೇಲೆ ಜಿಎಸ್‌ಟಿ. ನಮ್ಮ ಚಾಲಿ (ಬಿಸಿಲಿಗೆ ಒಣಗಿಸಿದ ಅಡಿಕೆ) ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುವಾಗ, ಪೂರ್ತಿ ಸುಂಕ ಕಟ್ಟಿ ಇಲ್ಲಿ ಮಾರುವುದಕ್ಕೆ ಯಾವ ವ್ಯಾಪಾರಿಯೂ ತರುವುದಿಲ್ಲ. ಹಾಗಿದ್ದೂ ಸರ್ಕಾರದ ಅಂಕಿಯಲ್ಲಿ ಆಮದು ಕಾಣಿಸುತ್ತಿದೆ ಎಂದರೆ, ಅದು ಬೇರೆ ಬಾಗಿಲಿನಿಂದ ಬಂದಿದೆ ಎಂದೇ ಅರ್ಥ. ವಾದ ನಡೆಯಬೇಕಾದದ್ದು ಆ ಬಾಗಿಲುಗಳ ಬಗ್ಗೆ.

ಮೊದಲನೆಯದು ಸುಂಕ ರಿಯಾಯಿತಿ. ಶ್ರೀಲಂಕಾ ಜತೆಗಿನ ಮುಕ್ತ ವ್ಯಾಪಾರ ಒಪ್ಪಂದ ಮತ್ತು ದಕ್ಷಿಣ ಏಷ್ಯಾದ ಸಾಫ್ತಾ ಒಪ್ಪಂದ, ಎರಡರಲ್ಲೂ ಆಯಾ ದೇಶದಲ್ಲೇ ಬೆಳೆದದ್ದು ಎಂಬ ಮೂಲ ಪ್ರಮಾಣಪತ್ರ ಇದ್ದರೆ ಸುಂಕ ತಪ್ಪುತ್ತದೆ ಅಥವಾ ಕಡಿಮೆಯಾಗುತ್ತದೆ. ಇಂಡೋನೇಷ್ಯಾದ ಅಡಿಕೆಗೆ ಬೇರೆ ದೇಶದ ಪ್ರಮಾಣಪತ್ರ ಅಂಟಿಸುತ್ತಾರೆ ಎಂಬ ಹಳೆಯ ದೂರು ಇಲ್ಲಿಯದು. 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ಕಸ್ಟಮ್ಸ್ ನಿಯಮಗಳ ಪ್ರಕಾರ ಪ್ರಮಾಣಪತ್ರ ತೋರಿಸಿದರೆ ಮುಗಿಯುವುದಿಲ್ಲ, ಸರಕಿನ ಮೂಲದ ಮಾಹಿತಿ ಆಮದುದಾರನ ಕೈಯಲ್ಲೇ ಇರಬೇಕು.

ಎರಡನೆಯದು ಹೆಸರು ಬದಲಿಸುವುದು. ಅಡಿಕೆಯ ಹೆಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸರಕು ಗುರುತಿಸುವ ಸಂಖ್ಯೆ) 080280ರಿಂದ ಶುರುವಾಗುತ್ತದೆ. ಹುರಿದ ಅಡಿಕೆ ಎಂದು ತೋರಿಸಿದರೆ ಅದು 2008ರಿಂದ ಶುರುವಾಗುವ ಬೇರೆ ಕೋಡಿಗೆ ಹೋಗುತ್ತದೆ, ಅಲ್ಲಿ 351ರ ಷರತ್ತೇ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಹುರಿದದ್ದಕ್ಕೂ ಅದೇ 351 ಬಂತು. ಆದ್ದರಿಂದ ಅದಕ್ಕಿಂತ ಹಿಂದಿನ ವರ್ಷಗಳ ಲೆಕ್ಕ ನೋಡುವವರು 080280 ಒಂದನ್ನೇ ನೋಡಿ ನಿಲ್ಲಿಸಬಾರದು.

ಮೂರನೆಯದು ಈಶಾನ್ಯದ ಕಳ್ಳದಾರಿ. ಮಿಜೋರಾಂ ಗಡಿಯಲ್ಲಿ ಮ್ಯಾನ್ಮಾರ್ ಕಡೆಯ ಅಡಿಕೆಯನ್ನು ಅಸ್ಸಾಂ ರೈಫಲ್ಸ್ ಹಿಡಿದ ಸುದ್ದಿ ಆಗಾಗ ಬರುತ್ತದೆ. ಈ ಮಾಲು ಯಾವ ಆಮದು ಅಂಕಿಯಲ್ಲೂ ಇರುವುದಿಲ್ಲ. "ಅಂಕಿಯಲ್ಲಿ ಆಮದು ಕಡಿಮೆಯಾಗಿದೆ, ಹಾಗಾಗಿ ಸಮಸ್ಯೆ ಮುಗಿಯಿತು" ಎನ್ನುವ ವಾದ ಬೀಳುವುದು ಇದರಿಂದ.

ಅಂಕಿ ತೆಗೆಯುವುದು ಸುಲಭ. ವಾಣಿಜ್ಯ ಸಚಿವಾಲಯದ ಟ್ರೇಡ್‌ಸ್ಟ್ಯಾಟ್ ಜಾಲತಾಣದಲ್ಲಿ ಆಮದು ವಿಭಾಗಕ್ಕೆ ಹೋಗಿ ಎಂಟು ಅಂಕಿಯ ಕೋಡ್ ಹಾಕಿ. ಇಡೀ ಅಡಿಕೆಗೆ 08028010, ಹೋಳಿಗೆ 08028020, ಪುಡಿಗೆ 08028030, ಉಳಿದದ್ದಕ್ಕೆ 08028090. ದೇಶವಾರು ಪಟ್ಟಿ ತೆಗೆಯಿರಿ. ವರ್ಷ ಏಪ್ರಿಲ್‌ನಿಂದ ಮಾರ್ಚ್, ನಮ್ಮ ಕೊಯ್ಲಿನ ವರ್ಷ ಅಲ್ಲ. ಮೌಲ್ಯ ಲಕ್ಷ ರೂಪಾಯಿಯಲ್ಲಿ, ಪ್ರಮಾಣ ಸಾವಿರ ಕಿಲೊದಲ್ಲಿ ಇರುವ ಪಟ್ಟಿಯಾದರೆ ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ 100ರಿಂದ ಗುಣಿಸಿ. 720 ಲಕ್ಷ, 200 ಸಾವಿರ ಕಿಲೊ ಇದ್ದರೆ ಕಿಲೊಗೆ 360. ಮೊದಲು ಅಂಕಣದ ತಲೆಬರಹ ಓದಿ. ಡಾಲರ್ ಪಟ್ಟಿಗೆ ಈ ಸೂತ್ರ ಹಾಕಿ ವಾದ ಮಾಡಿದರೆ ಎದುರಿನವರು ಅಲ್ಲೇ ಹಿಡಿಯುತ್ತಾರೆ.

ಇನ್ನು ಮುಖ್ಯ ಮಾತು. ಸರಾಸರಿ 355, 360 ಬಂತು ಎಂದುಕೊಳ್ಳಿ. ದುಬಾರಿ ಅಡಿಕೆಯೇ ಬಂದಿದೆ ಎಂದು ಅದರಿಂದ ಹೇಳುವ ಹಾಗಿಲ್ಲ. ಸುಂಕ ಇಲ್ಲದ ದಾರಿಯಲ್ಲಿ ತರುವವನು 200 ರೂಪಾಯಿಯ ಮಾಲಿಗೆ 351 ಎಂದು ಬಿಲ್ ಬರೆಸಿದರೆ ಅವನಿಗೆ ಸುಂಕದ ನಷ್ಟ ಇಲ್ಲ. ಹೆಚ್ಚು ಕಳಿಸಿದ 151 ಬೇರೆ ದಾರಿಯಲ್ಲಿ ವಾಪಸು ಬರಬಹುದು. ಸಾಮಾನ್ಯವಾಗಿ ಕಸ್ಟಮ್ಸ್‌ನವರು ಹುಡುಕುವುದು ಬೆಲೆ ಇಳಿಸಿದ ಬಿಲ್ಲನ್ನು, ಇಲ್ಲಿ ಏರಿಸಿದ ಬಿಲ್ಲನ್ನು ಹುಡುಕಬೇಕು. ಸರಾಸರಿ 351ರ ನೆತ್ತಿಯ ಮೇಲೆಯೇ ವರ್ಷಗಟ್ಟಲೆ ಕೂತಿದ್ದರೆ ಅದನ್ನೇ ಅನುಮಾನಿಸಬೇಕು. ನಿಜವಾದ ವ್ಯಾಪಾರದ ಬೆಲೆ ಏರಿಳಿಯುತ್ತದೆ.

---

ಪೆರ್ಲ_ಚಾಲಿ ಉತ್ತರ:

ಕುಂಬಳೆಯವರು ಹೇಳಿದ್ದು ಸರಿ. ಭೂತಾನಿನ ಲೆಕ್ಕ ನಾನು ಹಾಕುತ್ತೇನೆ. 2022ರ ಸೆಪ್ಟೆಂಬರ್ 28ರ ಅಧಿಸೂಚನೆ: ಜೈಗಾಂವ್ ಕಸ್ಟಮ್ಸ್ ಠಾಣೆಯ ಮೂಲಕ ವರ್ಷಕ್ಕೆ 17,000 ಟನ್, ಕನಿಷ್ಠ ಆಮದು ಬೆಲೆ ಇಲ್ಲದೆ. ವಾದದಲ್ಲಿ ಬಿಟ್ಟುಹೋಗುವ ಮಾತು ಎಂದರೆ ಅದು ಹಸಿ ಅಡಿಕೆ, ಸಿಪ್ಪೆ ಸಮೇತ. ಹಣ್ಣಡಿಕೆ ಒಣಗಿಸಿ ಸುಲಿದರೆ ತೂಕದಲ್ಲಿ ಉಳಿಯುವುದು ನಾಲ್ಕರಲ್ಲೊಂದರಿಂದ ಐದರಲ್ಲೊಂದು ಪಾಲು, ಇದು ತೋಟ ಇರುವ ಎಲ್ಲರಿಗೂ ಗೊತ್ತು. 17,000 ಟನ್ ಒಣಗಿದರೆ 3,400ರಿಂದ 4,250 ಟನ್ ಆಗುತ್ತದೆ. ದೇಶದ ಉತ್ಪಾದನೆ ಸರ್ಕಾರಿ ಅಂಕಿಯಲ್ಲಿ 10 ಲಕ್ಷ ಟನ್ ದಾಟಿದೆ. ನೂರಕ್ಕೆ ಅರ್ಧವೂ ಇಲ್ಲ. ಇಷ್ಟರಿಂದ ಬದಿಯಡ್ಕದ ಚಾಲಿ ಕುಸಿಯಿತು ಎಂದರೆ ನಾನು ಒಪ್ಪುವುದಿಲ್ಲ.

ಧಾರಣೆಯ ಪಟಗಳ ಬಗ್ಗೆಯೂ ಒಂದು ಮಾತು. "ಶಿವಮೊಗ್ಗದಲ್ಲಿ ಅಷ್ಟು, ನಮ್ಮಲ್ಲಿ ಇಷ್ಟೇ" ಎಂದು ಓಡಾಡುವ ಪಟಗಳಲ್ಲಿ ಅಲ್ಲಿನದು ಕ್ವಿಂಟಾಲಿಗೆ, ನಮ್ಮದು ಕಿಲೊಗೆ. ಅಲ್ಲಿನದು ರಾಶಿ, ಬೆಟ್ಟೆ, ಗೊರಬಲು, ಅಂದರೆ ಹಸಿಯಲ್ಲೇ ಕೊಯ್ದು ಬೇಯಿಸಿದ ಕೆಂಪು. ನಮ್ಮದು ಹಣ್ಣಾದ ಮೇಲೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕಿದ ಚಾಲಿ. ಕೊಳ್ಳುವವರೂ ಬೇರೆ, ಊರೂ ಬೇರೆ. ಅಲ್ಲಿ ಗರಿಷ್ಠ, ಕನಿಷ್ಠ, ಮಾದರಿ ಎಂದು ಮೂರು ಅಂಕಿ ಇರುತ್ತವೆ. ಗರಿಷ್ಠ ಎಂದರೆ ಒಂದೇ ಒಂದು ಒಳ್ಳೆಯ ಲಾಟಿನ ಬೆಲೆ ಇದ್ದೀತು, ಹೋಲಿಸಬೇಕಾದದ್ದು ಮಾದರಿ ಧಾರಣೆಯನ್ನು, ಅಂದರೆ ಹೆಚ್ಚಿನ ಮಾಲು ಮಾರಾಟವಾದ ಬೆಲೆಯನ್ನು. ಚಾಲಿಯೊಳಗೂ ಹೊಸತಕ್ಕೆ ಹೊಸತನ್ನೇ, ಡಬಲ್ ಚೋಲಿಗೆ (ದಾಸ್ತಾನಿಟ್ಟ ಹಳೆಯ ಚಾಲಿ) ಡಬಲ್ ಚೋಲನ್ನೇ ಹೋಲಿಸಬೇಕು. ಕೆಳಗಿನ ದರ್ಜೆಯ ಪಟೋರ, ಉಳ್ಳಿಗಡ್ಡೆ, ಕರಿಗೋಟಿನ ಧಾರಣೆ ತಂದು "ಅಡಿಕೆಗೆ ಇಷ್ಟೇ ಕೊಟ್ಟರು" ಎಂದರೆ ಅದು ವಾದ ಅಲ್ಲ.

ಆನ್‌ಲೈನ್ ಹರಾಜು ಎನ್ನುವವರಿಗೆ: ಕರ್ನಾಟಕದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ನಡೆಯುತ್ತಿದೆ, ಅದರ ಕೆಳಗೆ ಎಪಿಎಂಸಿ ಪ್ರಾಂಗಣ, ಗೋದಾಮು, ಲಾಟಿಗೆ ನಂಬರು ಎಲ್ಲ ಇದೆ. ಕೇರಳದಲ್ಲಿ ಎಪಿಎಂಸಿ ಕಾಯ್ದೆಯೇ ಇಲ್ಲ. ಇಲ್ಲಿ ಚೀಲ ಹೋಗುವುದು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಶಾಖೆಗೆ, ಇಲ್ಲವೆ ಖಾಸಗಿ ಅಂಗಡಿಗೆ. ಅಂಗಡಿಯವರು ಚೀಲದ ಬುಡಕ್ಕೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಎರಡು ಹೋಳು ಮಾಡುತ್ತಾರೆ. ಒಳಗಿನ ಬಿಳಿ ಚೊಕ್ಕ ಇದೆಯೇ, ನಡುವೆ ಕಪ್ಪು ಅಥವಾ ಬೂಸ್ಟು ಇದೆಯೇ ಎಂದು ನೋಡಿ ಬೆಲೆ ಹೇಳುತ್ತಾರೆ. ಅಂಗಳದಲ್ಲಿದ್ದಾಗ ಮಳೆ ಸಿಕ್ಕಿದ ಅಡಿಕೆ ಹೊರಗೆ ಚೆನ್ನಾಗಿ ಕಂಡರೂ ಈ ಹೋಳಿನಲ್ಲಿ ಸಿಕ್ಕಿಬೀಳುತ್ತದೆ. ದೆಹಲಿ, ರಾಜಕೋಟ್‌ನಲ್ಲಿ ಕೂತು ಮೊಬೈಲಿನಲ್ಲಿ ಕೂಗುವವನಿಗೆ ಈ ಹೋಳನ್ನು ನಂಬಿಕೆಯಿಂದ ನೋಡಿ ಹೇಳುವವರು ಬೇಕು, ಮಾಲು ಹಿಡಿದಿಡುವ ಗೋದಾಮು ಬೇಕು, ತಕರಾರು ಬಂದರೆ ತೀರ್ಮಾನಿಸುವವರು ಬೇಕು. ಅವು ಬಂದ ಮೇಲೆ ಆ್ಯಪ್ ಮಾಡುವುದು ದೊಡ್ಡ ಕೆಲಸವಲ್ಲ.

---

ಮುಳ್ಳೇರಿಯ_ಕಂಗು ಉತ್ತರ:

ಪೆರ್ಲದ ಅಣ್ಣ, ಹಸಿ-ಒಣ ಲೆಕ್ಕ ಸರಿ, ತೀರ್ಮಾನ ಒಪ್ಪಲಾರೆ. ನೂರಕ್ಕೆ ಅರ್ಧ ಎನ್ನುವುದು ಇಡೀ ವರ್ಷದ ಉತ್ಪಾದನೆಯ ಲೆಕ್ಕ. ಧಾರಣೆ ನಿಲ್ಲುವುದು ಆ ವಾರ ಮಾರಾಟಕ್ಕೆ ಬಂದ ಮಾಲು ಮತ್ತು ಆ ವಾರ ಕೊಳ್ಳುವವನ ಆತುರದ ಮೇಲೆ. ಉತ್ತರದ ವ್ಯಾಪಾರಿ ಆಮದು ಸುದ್ದಿ ಓದಿದ ದಿನ ಖರೀದಿ ಹದಿನೈದು ದಿನ ಮುಂದೆ ಹಾಕಿದರೆ ಸಾಕು, ಒಂದು ಕಿಲೊ ಬರದಿದ್ದರೂ ಧಾರಣೆ ಇಳಿಯುತ್ತದೆ. ಸಾಲದ ಕಂತು ಇರುವವನು ಕಾಯಲಾರ, ಅವನು ಆ ಹದಿನೈದು ದಿನದಲ್ಲೇ ಕೊಟ್ಟುಬಿಡುತ್ತಾನೆ. ಇದು ನಷ್ಟ ಅಲ್ಲವೇ?

ಇದನ್ನೂ ಪರಿಶೀಲಿಸಬಹುದು. ಅಧಿಸೂಚನೆಯ ತಾರೀಕು ಬರೆದುಕೊಳ್ಳಿ. ಅದರ ಹಿಂದಿನ ನಾಲ್ಕು ವಾರ, ಮುಂದಿನ ಎಂಟು ವಾರದ ಒಂದೇ ತರಗತಿಯ ಧಾರಣೆ ಪಕ್ಕದಲ್ಲಿ ಬರೆಯಿರಿ. ಹಿಂದಿನ ಎರಡು ವರ್ಷದ ಅದೇ ವಾರಗಳದ್ದನ್ನೂ ಬರೆಯಿರಿ, ಇಲ್ಲದಿದ್ದರೆ ಹೊಸ ಅಡಿಕೆ ಬರುವ ಕಾಲದ ಮಾಮೂಲಿ ಇಳಿತವನ್ನು ಸರ್ಕಾರದ ತಲೆಗೆ ಕಟ್ಟುತ್ತೀರಿ. ಮೂರು ವರ್ಷವೂ ಒಂದೇ ಥರ ಇಳಿದಿದ್ದರೆ ಅಧಿಸೂಚನೆಯನ್ನು ದೂರುವ ಹಾಗಿಲ್ಲ. ಆ ವರ್ಷ ಮಾತ್ರ ಬೇಗ ಅಥವಾ ಆಳವಾಗಿ ಇಳಿದು, ಎಂಟು ವಾರದೊಳಗೆ ಏಳದಿದ್ದರೆ ಮಾತನಾಡಬಹುದು.

ಇನ್ನೊಂದು ವಿಷಯ ಯಾರೂ ಎತ್ತುವುದಿಲ್ಲ: ಘಟ್ಟದಾಚೆಯ ಹೊಸ ತೋಟಗಳು. ಚಿತ್ರದುರ್ಗ, ದಾವಣಗೆರೆ, ತುಮಕೂರು ಕಡೆ ಬೋರ್‌ವೆಲ್ ನೀರಿಗೆ ಅಡಿಕೆ ಹಬ್ಬಿದೆ. ಗಿಡ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು, ಹಾಗಾಗಿ ಧಾರಣೆ ಏರಿದಾಗ ನೆಟ್ಟದ್ದು ಮಾರುಕಟ್ಟೆಗೆ ಬರುವಾಗ ಸರ್ಕಾರವೇ ಬದಲಾಗಿರಬಹುದು. ಅದು ಹೆಚ್ಚಾಗಿ ಕೆಂಪಿಗೆ ಹೋಗುವ ಮಾಲು ನಿಜ, ಆದರೆ ಕೆಂಪು ಅಗ್ಗವಾದರೆ ಕೆಲವು ಗುಟ್ಕಾ, ಪಾನ್ ಮಸಾಲಾ ತಯಾರಕರು ಅತ್ತ ತಿರುಗಬಹುದು. ಆಮದಿನ ಜತೆ ಇದನ್ನೂ ಎಣಿಸದೆ ಹಾಕುವ ಲೆಕ್ಕ ಅರ್ಧ ಲೆಕ್ಕ.

---

ಬದಿಯಡ್ಕ_ತೋಟ:

ಮೂವರಿಗೂ ಧನ್ಯವಾದ. ಕುಂಬಳೆಯವರೆ, ಯಾವ ಬಂದರಿಗೆ, ಯಾವ ತಿಂಗಳು, ಯಾವ ಒಪ್ಪಂದದ ರಿಯಾಯಿತಿಯಲ್ಲಿ ಬಂತು ಎಂಬುದು ಟ್ರೇಡ್‌ಸ್ಟ್ಯಾಟಿನಲ್ಲಿ ನನಗೆ ಸಿಗುತ್ತಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಬಹುದೇ? ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?

---

ಕುಂಬಳೆ_ಲೆಕ್ಕಪತ್ರ ಉತ್ತರ:

ಕೇಳಬಹುದು. ಕೇಳುವ ರೀತಿ ತಪ್ಪಿದರೆ ಬರಿಗೈ. ಆಮದುದಾರರ ಹೆಸರು ಕೇಳಬೇಡಿ, ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಡಿ) ಅಡಿ ವಾಣಿಜ್ಯ ಗುಟ್ಟು ಎಂದು ಇಡೀ ಅರ್ಜಿಯನ್ನೇ ತಿರಸ್ಕರಿಸಲು ನೆಪ ಸಿಗುತ್ತದೆ. ಹತ್ತು ವರ್ಷದ್ದು ಒಟ್ಟಿಗೆ ಕೇಳಿದರೆ 7(9) ತೋರಿಸಿ ಸಿಬ್ಬಂದಿ ಸಾಲದು ಎನ್ನುತ್ತಾರೆ. ಒಂದು ಆರ್ಥಿಕ ವರ್ಷ, 080280ರ ನಾಲ್ಕೂ ಕೋಡ್, ತಿಂಗಳುವಾರು, ಬಂದರುವಾರು, ಮೂಲ ದೇಶವಾರು ಪ್ರಮಾಣ ಮತ್ತು ಮೌಲ್ಯ, ಅದರಲ್ಲಿ ಸುಂಕ ವಿನಾಯಿತಿ ಪಡೆದದ್ದು ಯಾವ ಅಧಿಸೂಚನೆಯಡಿ ಎಷ್ಟು: ಇಷ್ಟೇ ಕೇಳಿ. ಹುರಿದ ಅಡಿಕೆಗೆ ಬೇರೆ ಅರ್ಜಿ. ಕೇಂದ್ರದ ಆನ್‌ಲೈನ್ ಅರ್ಜಿಗೆ ಶುಲ್ಕ 10 ರೂಪಾಯಿ, ಪಠ್ಯ 3,000 ಅಕ್ಷರದೊಳಗೆ. ಉತ್ತರಕ್ಕೆ 30 ದಿನ, ಬಾರದಿದ್ದರೆ ಅಥವಾ ಸಾಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ ಶುಲ್ಕ ಇಲ್ಲ.

ಕಳ್ಳಸಾಗಣೆ ಹಿಡಿಯುವ ಕಂದಾಯ ಗುಪ್ತಚರ ನಿರ್ದೇಶನಾಲಯಕ್ಕೆ (ಡಿಆರ್‌ಐ) ಅರ್ಜಿ ಹಾಕುವುದು ವ್ಯರ್ಥ. ಅದು ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕಿನ ವಿಷಯ ಬಿಟ್ಟರೆ ಉತ್ತರಿಸಬೇಕಾಗಿಲ್ಲ. ಮುಟ್ಟುಗೋಲಿನ ಅಂಕಿ ಬೇಕಾದರೆ ಲೋಕಸಭೆ, ರಾಜ್ಯಸಭೆಯ ಪ್ರಶ್ನೋತ್ತರ ಹುಡುಕಿ. ಹುಡುಕುವಾಗ ಅರೆಕಾನಟ್ ಎಂಬುದನ್ನು ಒಂದೇ ಪದವಾಗಿ, ಎರಡು ಪದವಾಗಿ, ಆಮೇಲೆ ಬೀಟಲ್ ನಟ್ ಎಂದು ಇಂಗ್ಲಿಷಿನಲ್ಲಿ ಮೂರು ಸಲ ಹಾಕಿ. ಒಂದೊಂದು ಇಲಾಖೆ ಒಂದೊಂದು ಹೆಸರು ಬಳಸುತ್ತದೆ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ.

ಭಾಷೆಯ ವಿಷಯ. ದೆಹಲಿಯ ಇಲಾಖೆಗೆ ಇಂಗ್ಲಿಷಿನಲ್ಲೇ ಕಳಿಸಿ, ಅನುವಾದದ ಹೆಸರಿನಲ್ಲಿ ತಿಂಗಳು ಕಳೆಯುವುದು ಬೇಡ. ಆದರೆ ಪಂಚಾಯತುವಾರು ಅಡಿಕೆ ವಿಸ್ತೀರ್ಣ, ಹಳದಿ ರೋಗದ ಪರಿಹಾರದಂತಹ ಮಾಹಿತಿಯನ್ನು ಕೃಷಿಭವನದಿಂದ (ಪಂಚಾಯತು ಮಟ್ಟದ ಕೃಷಿ ಕಚೇರಿ) ಕೇಳುವಾಗ ಕನ್ನಡದಲ್ಲೇ ಪತ್ರ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದೊಂದಿಗೆ ಪತ್ರವ್ಯವಹಾರ ಮಾಡಬಹುದು, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಿಗೂ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಪತ್ರದ ಕೊನೆಗೆ ಈ ಕಾಯ್ದೆಯ ಹೆಸರು, ವರ್ಷ ಬರೆದು "ಉತ್ತರ ಕನ್ನಡದಲ್ಲಿ ಬೇಕು" ಎಂದು ಒಂದು ಸಾಲು ಸೇರಿಸಿ. ಸ್ವೀಕೃತಿಯ ಮೊಹರು, ತಾರೀಕು ಇರುವ ಪ್ರತಿ ಕೈಗೆ ಬಾರದೆ ಕಚೇರಿಯಿಂದ ಹೊರಡಬೇಡಿ.

---

ಪೆರ್ಲ_ಚಾಲಿ:

ಮುಳ್ಳೇರಿಯದವರೆ, ನಿಮ್ಮ ಹನ್ನೆರಡು ವಾರದ ಪಟ್ಟಿಯ ಮಾತು ಒಪ್ಪಿದೆ. ಪಟ್ಟಿ ಮಾಡುವವರು ಹೊಸತು ಮತ್ತು ಡಬಲ್ ಚೋಲ್ ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯಿರಿ, ಎಲ್ಲ ವಾರವೂ ಒಂದೇ ಶಾಖೆಯ ಧಾರಣೆ ತೆಗೆದುಕೊಳ್ಳಿ. ದಾಸ್ತಾನು ಇಡುವ ವ್ಯಾಪಾರಿ ಹಿಂದೆ ಸರಿದರೆ ಮೊದಲು ಹೊಡೆತ ಬೀಳುವುದು ಹೊಸತಕ್ಕೆ. ಡಬಲ್ ಚೋಲ್ ನಿಂತಲ್ಲೇ ನಿಂತು ಹೊಸತು ಮಾತ್ರ ಬಿದ್ದಿದ್ದರೆ ನೀವು ಹೇಳಿದ ಆತುರದ ಕಾರಣಕ್ಕೆ ಬಲ ಬರುತ್ತದೆ. ಎರಡೂ ಒಟ್ಟಿಗೆ ಬಿದ್ದಿದ್ದರೆ ಹೊರಗಿನ ಮಾಲು ನಿಜವಾಗಿ ಬಂದಿದೆಯೇ ಎಂದು ಕುಂಬಳೆಯವರ ಬಾಗಿಲುಗಳನ್ನು ಒಂದೊಂದಾಗಿ ನೋಡಬೇಕು.