ಅಪ್‌ಡೇಟ್: ಅಣ್ಣನ ವಿಮೆ ದುಡ್ಡು ಕಡೆಗೂ ಯಾರಿಗೆ ಬಂತು?

ಮದುವೆಗೆ ಮುಂಚೆ ಅಣ್ಣ ಮಾಡಿಸಿದ ಪಾಲಿಸಿ, ನಾಮಿನಿ ಅವ್ವ. ಅವನು ತೀರಿಕೊಂಡ ಮೇಲೆ ವೈನಿ (ಅಣ್ಣನ ಹೆಂಡತಿ) ಗೋಕಾಕ ಕೋರ್ಟಿಗೆ ಹೋಗಿದ್ದರು. ದುಡ್ಡು ಯಾರದು ಅಂತ ಆಗ ಕೇಳಿದ್ದೆ, ಅಲ್ವಾ?

ವಿಮಾ ಕಾಯ್ದೆಯ 2015ರ ತಿದ್ದುಪಡಿ ಪ್ರಕಾರ ತಾಯಿ ನಾಮಿನಿಯಾದರೆ ದುಡ್ಡು ಅವರದ್ದೇ ಅಂತ ನಮ್ಮ ವಕೀಲರು ವಾದಿಸಿದರು. ಆದರೆ 2025ರಲ್ಲಿ ಧಾರವಾಡ ಹೈಕೋರ್ಟ್ ಪೀಠ ಹೆಚ್ಚುಕಡಿಮೆ ಇಂಥದ್ದೇ ಕೇಸಿನಲ್ಲಿ ತಾಯಿ, ಹೆಂಡತಿ, ಮಗುವಿಗೆ ಸಮಪಾಲು ಕೊಟ್ಟಿದೆ. ವಾರಸುದಾರರು ಹಕ್ಕು ಕೇಳಿದರೆ ನಾಮಿನಿ ಅನ್ನೋದಷ್ಟೇ ಸಾಲದಂತೆ. ಎದುರು ವಕೀಲರು ಆ ತೀರ್ಪನ್ನೇ ಮುಂದಿಟ್ಟರು.

ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು, ನಮ್ಮಲ್ಲೂ ಮೂರು ಪಾಲು. ಮಗುವಿನದು ಎಫ್‌ಡಿಗೆ. ಸಹಿ ಹಾಕುತ್ತಲೇ ಅವ್ವ, "ಕೂಸಿಂದು ಊಟ ಆತೇನ?" ಅಂತ ವೈನಿಯನ್ನು ಕೇಳಿದಳು. ಎಷ್ಟೋ ತಿಂಗಳ ಮೇಲೆ ಆಡಿದ ಮಾತು.

ಚೆಕ್ ಇನ್ನೂ ಬಂದಿಲ್ಲ. ವಕೀಲರ ಫೀ ಮಾತ್ರ ಆಗಲೇ ಹೋಯಿತು.