ಎಡಿಟ್ ಆದ ಫೋಟೋ ಕ್ಲೈಂಟ್‌ಗೆ ಕೊಡುವುದು ಹೇಗೆ?

ಪ್ರಶ್ನೆ: ಮದುವೆಯ 640 ಫೋಟೋ ಲೈಟ್‌ರೂಮ್ ಎಂಬ ಫೋಟೋ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡಿದೆ. ನನ್ನ ಸ್ಕ್ರೀನಿನಲ್ಲಿ ಬಣ್ಣ ಚೆನ್ನಾಗಿದೆ, ಕ್ಲೈಂಟ್ ಫೋನಿನಲ್ಲಿ ಮಾತ್ರ ಮಂಕು. ಫೈಲ್ ಹೆಸರುಗಳೂ ಕಲಸುಮೇಲೋಗರ. ಎರಡು ಕ್ಯಾಮೆರಾ, ಒಂದೇ ನಂಬರುಗಳು!

ಉತ್ತರ 1: ಅಡೋಬ್ ಆರ್‌ಜಿಬಿ ಎಂಬ ಕಲರ್ ಸ್ಪೇಸ್‌ನಲ್ಲಿ (ಬಣ್ಣಗಳ ವ್ಯಾಪ್ತಿ) ಎಕ್ಸ್‌ಪೋರ್ಟ್ ಮಾಡಿದ್ದೀರಿ ಅಲ್ವಾ? ಕೆಲವು ಫೋನ್, ಆ್ಯಪ್‌ಗಳು ಅದನ್ನು ಸರಿಯಾಗಿ ಓದದೆ ಮಂಕಾಗಿ ತೋರಿಸುತ್ತವೆ. ಫೋನ್, ವೆಬ್‌ಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿಗೆ ಬದಲಿಸಿ. ನಾನೂ ಒಮ್ಮೆ ಇಡೀ ಆಲ್ಬಮ್ ಹಾಗೇ ಕಳಿಸಿ, ರಾತ್ರಿಯೆಲ್ಲಾ ಕೂತು ಮತ್ತೆ ಮಾಡಿದ್ದೆ. ಹೆಸರಿಡುವ ಮೊದಲು ಎರಡೂ ಕ್ಯಾಮೆರಾದ ಸಮಯ ಸರಿಹೊಂದಿಸಿ, ತೆಗೆದ ಹೊತ್ತಿನ ಪ್ರಕಾರ ಜೋಡಿಸಿ. ಆಮೇಲೆ 0001ರಿಂದ ನಂಬರ್ ಕೊಡಿ. ನಂಬರಿನ ಶುರುವಿನ ಸೊನ್ನೆಗಳನ್ನು ಬಿಟ್ಟರೆ ಕೆಲವು ಕಡೆ 10 ಬಂದು 2ಕ್ಕಿಂತ ಮೊದಲೇ ಕೂರುತ್ತದೆ.

ಉತ್ತರ 2: ಎರಡು ಫೋಲ್ಡರ್ ಕೊಡಿ. ಪ್ರಿಂಟಿಗೆ ಪೂರ್ತಿ ಸೈಜ್, ಫೋನಿಗೆ ಉದ್ದದ ಬದಿ 2048 ಪಿಕ್ಸೆಲ್. ಎಕ್ಸ್‌ಪೋರ್ಟ್‌ನಲ್ಲಿ ಕ್ವಾಲಿಟಿ 100 ಇಟ್ಟರೆ ಸುಮ್ನೆ ಜಾಗ ಜಾಸ್ತಿ. ನಾನು 85 ಇಡುತ್ತೇನೆ.

ಪ್ರಶ್ನೆ ಕೇಳಿದವರು: ಹೌದು, ಅಡೋಬ್ ಆರ್‌ಜಿಬಿಯೇ ಇತ್ತು! ಮತ್ತೆ ಎಕ್ಸ್‌ಪೋರ್ಟ್‌ಗೆ ಹಾಕಿದ್ದೇನೆ.