ಸೈಕಲ್ ಹಬ್‌ಗೆ ಬಿಡಿ ಬಾಲ್ಸ್: ಕೊಳ್ಳೋದು, ಕಾಪಾಡೋದು

ದಾವಣಗೆರೆ–ಚಿತ್ರದುರ್ಗ ಸೈಕಲ್ ಗುಂಪಿನ ಈ ವಾರದ ಪ್ರಶ್ನೋತ್ತರ. ಉತ್ತರ ಹೇಳುತ್ತಿರುವವರು ದಾವಣಗೆರೆಯಲ್ಲಿ ಸೈಕಲ್ ರಿಪೇರಿ ಅಂಗಡಿ ನಡೆಸುವ ಮೆಕ್ಯಾನಿಕ್. ಹಬ್ ಅಂದರೆ ಚಕ್ರದ ನಡುಭಾಗ, ಬಾಲ್ಸ್ ಅಂದರೆ ಚಕ್ರ ಸಲೀಸಾಗಿ ತಿರುಗಲಿ ಅಂತ ಅದರೊಳಗೆ ಹಾಕುವ ಉಕ್ಕಿನ ಸಣ್ಣ ಗುಂಡುಗಳು.

ಪ್ರಶ್ನೆ (ದಾವಣಗೆರೆ): ಅಣ್ಣಾ, ನಮ್ಮದು ಮಂಡಕ್ಕಿ ಭಟ್ಟಿ. ಚೀಲ ಸಾಗಿಸೋಕೆ ಹಳೇ ಸೈಕಲ್‌ಗಳಿವೆ. ಪದೇ ಪದೇ ಬಾಲ್ಸ್ ಹಾಕಿಸಬೇಕಾಗುತ್ತದೆ ಅಂತ ಒಟ್ಟಿಗೆ ಒಂದು ಕೆ.ಜಿ. ತಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ತುಕ್ಕು ಹಿಡಿದಿವೆ. ಅಂಗಡಿಯವರು "ಕ್ರೋಮ್ ಸ್ಟೀಲ್, ಏನೂ ಆಗಲ್ಲ" ಅಂದಿದ್ದರು. ನಮಗೆ ಮೋಸ ಆಯಿತಾ?

ಉತ್ತರ: ಮೋಸ ಅಂತ ಹೇಳೋಕೆ ಆಗಲ್ಲ ಅಕ್ಕಾ. ಮಾಲು ಕ್ರೋಮ್ ಸ್ಟೀಲೇ ಇರಬಹುದು. "ಏನೂ ಆಗಲ್ಲ" ಅಂದದ್ದು ಮಾತ್ರ ತಪ್ಪು. ಬೇರಿಂಗ್ ಬಾಲ್ಸ್ ಮಾಡುವ ಉಕ್ಕಿನ ನಂಬರ್ 52100. ಲೇತ್ ಅಂಗಡಿಯಲ್ಲಿ ಇಎನ್ 31 ಅನ್ನುವುದೂ ಅದನ್ನೇ. ಅದರಲ್ಲಿ ಇಂಗಾಲ ಸುಮಾರು ಶೇ. 1, ಕ್ರೋಮಿಯಂ ಸುಮಾರು ಶೇ. 1.5. ಅಷ್ಟು ಕ್ರೋಮಿಯಂ ಹಾಕುವುದು ಬಾಲ್ಸ್ ಒಳಗಿನವರೆಗೂ ಗಟ್ಟಿಯಾಗಲಿ ಅಂತ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಆಗಬೇಕಾದರೆ ಶೇ. 10.5ರಷ್ಟಾದರೂ ಬೇಕು. ಹಾಗಾಗಿ ಕ್ರೋಮ್ ಸ್ಟೀಲಿಗೆ ಎಣ್ಣೆ ಇಲ್ಲದಿದ್ದರೆ ಮೊಳೆಗೆ ಹಿಡಿಯುವ ಹಾಗೇ ತುಕ್ಕು ಹಿಡಿಯುತ್ತದೆ.

ಆ ಡಬ್ಬಿ ಎಲ್ಲಿ ಇಟ್ಟಿದ್ದಿರಿ? ಭಟ್ಟಿಯೊಳಗೇ ಅಲ್ವಾ?

ಅದೇ ಅಕ್ಕ: ಹೌದಣ್ಣ, ಉಪ್ಪಿನ ಚೀಲ ಇಡುವ ಗೂಡಿನಲ್ಲಿ.

ಉತ್ತರ: ಹಾಗಾದರೆ ಸಿಕ್ಕಿತು ಕಳ್ಳ. ಮಂಡಕ್ಕಿ ಅಕ್ಕಿಗೆ ಉಪ್ಪುನೀರು ಹಾಕುತ್ತೀರಿ, ಅದೇ ಕೈಯಲ್ಲಿ ಡಬ್ಬಿ ಮುಟ್ಟುತ್ತೀರಿ. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ನಮ್ಮೂರಲ್ಲಿ ಬೆಳಗಿನ ಹೊತ್ತು ಆ ಮಟ್ಟ ಸುಲಭವಾಗಿ ದಾಟುತ್ತದೆ. ಬಾಲ್ಸ್ ಮೇಲೆ ಕಣ್ಣಿಗೆ ಕಾಣದಷ್ಟು ಉಪ್ಪು ಕೂತಿದ್ದರೂ ಸಾಕು, ಅಲ್ಲೇ ಸಣ್ಣ ಗುಳಿ ಬೀಳುತ್ತದೆ. ನಿಮ್ಮ ಸೈಕಲ್‌ಗಳಿಗೆ ಪದೇ ಪದೇ ಬಾಲ್ಸ್ ಬೇಕಾಗುವುದಕ್ಕೂ ಇದೇ ಕಾರಣ ಇರಬಹುದು. ಮಂಡಕ್ಕಿ ಚೀಲ ನೋಡೋಕೆ ದೊಡ್ಡದು, ತೂಕ ಏನಿಲ್ಲ. ಭಾರಕ್ಕೆ ಹಬ್ ಹಾಳಾಗುತ್ತಿಲ್ಲ, ಉಪ್ಪಿಗೆ ಹಾಳಾಗುತ್ತಿದೆ. ಮುಂದಿನ ಸಲ ಹಬ್ ಬಿಚ್ಚಿದಾಗ ಗ್ರೀಸ್ ಧಾರಾಳವಾಗಿ ಹಾಕಿಸಿ, ಕೋನ್ (ಆಕ್ಸಲ್ ಮೇಲೆ ಕೂತು ಬಾಲ್ಸ್ ಹಿಡಿದಿಡುವ ನಟ್) ಹೊರಗಡೆಗೂ ಒಂದು ಸುತ್ತು ಹಚ್ಚಿಸಿ.

ಇನ್ನು ಇಡುವ ವಿಷಯ. ಮೊದಲು ಒಂದು ಮಾತು, ಕೆ.ಜಿ. ಲೆಕ್ಕದಲ್ಲಿ ತರಬೇಡಿ. ಕಾಲಿಂಚಿನ ಬಾಲ್ಸ್ ಒಂದು ಕೆ.ಜಿ.ಗೆ ಸುಮಾರು 950 ಬರುತ್ತವೆ. ಒಂದು ಹಿಂದಿನ ಚಕ್ರಕ್ಕೆ ಬೇಕಾಗುವುದು 18. ಲೆಕ್ಕ ಹಾಕಿ. ನಮ್ಮಂಥ ಅಂಗಡಿಗೇ ಅಷ್ಟು ಒಟ್ಟಿಗೆ ತರುವ ಅಗತ್ಯ ಇಲ್ಲ. ಗ್ರೋಸ್ ಅಂತ ಕೇಳಿ, 144 ಕೊಡುತ್ತಾರೆ. ನಿಮಗೆ ಅದೇ ಜಾಸ್ತಿ.

ಅಂಗಡಿಯವರು ನ್ಯೂಸ್ ಪೇಪರಿನಲ್ಲಿ ಕಟ್ಟಿಕೊಟ್ಟರೆ ಮನೆಗೆ ಬಂದ ತಕ್ಷಣ ಬಿಚ್ಚಿ. ಕಾಗದ ಬಾಲ್ಸ್ ಮೇಲಿನ ಎಣ್ಣೆ ಹೀರುತ್ತದೆ, ಆಮೇಲೆ ಗಾಳಿಯ ತೇವವನ್ನೂ ಹೀರುತ್ತದೆ. ಬಿಗಿ ಮುಚ್ಚಳದ ಸಣ್ಣ ಪ್ಲಾಸ್ಟಿಕ್ ಅಥವಾ ಗಾಜಿನ ಬಾಟಲಿ ಸಾಕು, ಮಾತ್ರೆ ಬಾಟಲಿ ಆದರೂ ಆದೀತು. ಒಳಗೆ ಪೂರ್ತಿ ಒಣಗಿರಬೇಕು. ಬಾಲ್ಸ್ ಹಾಕಿ, ಮುಳುಗುವಷ್ಟು ಎಣ್ಣೆ ಹೊಯ್ಯಿರಿ. ಒಂದೆರಡು ತಿಂಗಳಿಗೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ವರ್ಷಗಟ್ಟಲೆ ಇಡುವುದಾದರೆ ಟ್ರ್ಯಾಕ್ಟರಿಗೆ ಹಾಕುವ 90 ನಂಬರ್ ಗೇರ್ ಆಯಿಲ್ ಹೊಸದು ತನ್ನಿ. ಬೈಕಿನಿಂದ ಇಳಿಸಿದ ಹಳೇ ಇಂಜಿನ್ ಆಯಿಲ್ ಮಾತ್ರ ಬೇಡ. ಅದರಲ್ಲಿ ನೀರೂ ಇರುತ್ತದೆ, ಆಮ್ಲವೂ ಇರುತ್ತದೆ. ಪುಕ್ಕಟೆ ಸಿಗುತ್ತದೆ ಅಂತ ಎಷ್ಟೋ ಜನ ಅದನ್ನೇ ಹಾಕಿಡುತ್ತಾರೆ.

ಬಾಟಲಿ ಮೇಲೆ ಸೈಜ್ ಬರೆದ ಚೀಟಿ ಅಂಟಿಸಿ. ಬಾಟಲಿಯನ್ನು ಉಪ್ಪು, ಬ್ಯಾಟರಿ, ಬ್ಲೀಚಿಂಗ್ ಪೌಡರ್ ಇರುವ ಕಡೆ ಇಡಬೇಡಿ. ಬೆವರಿನ ಕೈ ಒಳಗೆ ಹಾಕಬೇಡಿ, ಬೆವರಲ್ಲೂ ಉಪ್ಪೇ ಅಲ್ವಾ. ಬೇಕಾದಷ್ಟನ್ನು ಬಟ್ಟಲಿಗೆ ಸುರಿದುಕೊಳ್ಳಿ. ಮಿಕ್ಕಿದ್ದನ್ನು ವಾಪಸ್ ಬಾಟಲಿಗೆ ಹಾಕಬೇಡಿ, ಬೇರೆ ಇಡಿ.

ತುಕ್ಕು ಹಿಡಿದವನ್ನು ಉಜ್ಜಿ ಹೊಳಪು ಬರಿಸಿ ಹಾಕಿಸಬೇಡಿ. ಗುಳಿ ಹಾಗೇ ಇರುತ್ತದೆ, ಕೋನ್ ತಿನ್ನುತ್ತದೆ. ಒಂದು ಚಕ್ರದ ಮಾಮೂಲಿ ಬಾಲ್ಸಿನ ದುಡ್ಡಿಗೆ ಒಂದು ಬೆಣ್ಣೆದೋಸೆಯೂ ಬರಲ್ಲ. ಕೋನ್, ಕಪ್ (ಹಬ್ ಒಳಗೆ ಬಾಲ್ಸ್ ಕೂರುವ ಬಟ್ಟಲು) ಹೋದರೆ ಖರ್ಚು ಬೇರೆ.

ಪ್ರಶ್ನೆ (ಚಿತ್ರದುರ್ಗ, ಕಾಲೇಜು ವಿದ್ಯಾರ್ಥಿ): ಅಣ್ಣಾ, ಗೇರ್ ಸೈಕಲ್ ಹಿಂದಿನ ಹಬ್ ನಾನೇ ಬಿಚ್ಚಿದೆ. ಬಾಲ್ಸ್ ಮಂಕಾಗಿವೆ. ಆನ್‌ಲೈನ್‌ನಲ್ಲಿ "6 ಎಂಎಂ, 304 ಸ್ಟೇನ್‌ಲೆಸ್, ಸೈಕಲ್‌ಗೆ ಸೂಕ್ತ" ಅಂತ ಒಂದು ಪ್ಯಾಕೆಟ್ ಇದೆ. ಇನ್ನೊಂದರಲ್ಲಿ "ಗ್ರೇಡ್ 1000" ಅಂತಿದೆ. ನಂಬರ್ ದೊಡ್ಡದಿದ್ದರೆ ಒಳ್ಳೇದಾ? ಯಾವುದು ತಗೊಳ್ಳಲಿ?

ಉತ್ತರ: ಎರಡೂ ಬೇಡ ತಮ್ಮಾ. ಒಂದೊಂದಾಗಿ ನೋಡು.

ಸೈಜ್. ಸೈಕಲ್ ಬಾಲ್ಸ್ ಇವತ್ತಿಗೂ ಇಂಚಿನ ಲೆಕ್ಕದಲ್ಲೇ ನಡೆಯುತ್ತವೆ. ಹಿಂದಿನ ಹಬ್‌ಗೆ ಸಾಮಾನ್ಯವಾಗಿ ಕಾಲಿಂಚು, ಅಂದರೆ 6.35 ಎಂಎಂ. ಮುಂದಿನದಕ್ಕೆ 3/16, ಅಂದರೆ 4.76 ಎಂಎಂ. 6 ಎಂಎಂ ತಂದು ಹಾಕಿದರೆ ಚಕ್ರ ಕೂರುತ್ತದೆ, ತಿರುಗುತ್ತದೆ, ಸರಿಯಾಯಿತು ಅನ್ನಿಸುತ್ತದೆ. ಆದರೆ ಬಾಲ್ಸ್ ಓಡುವ ಜಾಗ ಬದಲಾಗುತ್ತದೆ, ಕೋನ್ ಬೇಗ ಸವೆಯುತ್ತದೆ. ವರ್ನಿಯರ್ ಇದ್ದರೆ ಹಳೇ ಬಾಲ್ಸಲ್ಲಿ ನಾಲ್ಕೈದನ್ನು ಅಳೆದು ನೋಡು. ಸವೆದದ್ದು ಸ್ವಲ್ಪ ಕಡಿಮೆ ತೋರಿಸುತ್ತದೆ, 6.3 ಬಂದರೆ ಅದು ಕಾಲಿಂಚೇ.

ಸ್ಟೇನ್‌ಲೆಸ್. 304 ತುಕ್ಕು ಹಿಡಿಯಲ್ಲ, ಸರಿ. ಆದರೆ ಅದನ್ನು ಕಾಯಿಸಿ ಗಟ್ಟಿ ಮಾಡೋಕೆ ಬರಲ್ಲ, ಮೆತ್ತಗಿನ ಉಕ್ಕು. ಸ್ಪ್ರೇ ಬಾಟಲಿಯ ವಾಲ್ವಿಗೆ ಸರಿ, ಮನುಷ್ಯನನ್ನು ಹೊರುವ ಚಕ್ರಕ್ಕಲ್ಲ. ಸ್ಟೇನ್‌ಲೆಸ್ಸೇ ಬೇಕು ಅಂದರೆ 440ಸಿ ಅಂತ ಕೇಳಬೇಕು. ಅದು ಗಟ್ಟಿಯಾಗುತ್ತದೆ, ಅಯಸ್ಕಾಂತಕ್ಕೂ ಗಟ್ಟಿಯಾಗಿ ಅಂಟುತ್ತದೆ. 304 ಅಂಟಿದರೂ ಸುಮ್ನೆ ಅಂಟಿದ ಹಾಗೆ ಇರುತ್ತದೆ. ನನ್ನನ್ನು ಕೇಳಿದರೆ ದುರ್ಗದ ಒಣ ಹವಕ್ಕೆ ಮಾಮೂಲಿ ಕ್ರೋಮ್ ಸ್ಟೀಲೇ ಸಾಕು. ನಿಮ್ಮ ಕಡೆ ನೀರಿಗಿಂತ ದೂಳಿನ ಕಾಟ ಜಾಸ್ತಿ.

ಗ್ರೇಡ್. ಇದು ಉಲ್ಟಾ ಲೆಕ್ಕ, ನಂಬರ್ ಚಿಕ್ಕದಿದ್ದಷ್ಟೂ ಒಳ್ಳೇದು. ಒಂದು ಇಂಚನ್ನು ಹತ್ತು ಲಕ್ಷ ಪಾಲು ಮಾಡು. ಗ್ರೇಡ್ 25 ಬಾಲ್ಸ್ ದುಂಡಗಿರುವುದರಲ್ಲಿ ವ್ಯತ್ಯಾಸ ಇದ್ದರೂ 25 ಪಾಲಿನೊಳಗೆ. ಗ್ರೇಡ್ 1000 ಅಂದರೆ ಸಾವಿರ ಪಾಲಿನವರೆಗೂ ನಡೆಯುತ್ತದೆ. ಹಬ್‌ಗೆ ಗ್ರೇಡ್ 25 ತಗೋ. ಗ್ರೇಡ್ 10 ಹಾಕಿದರೆ ಸೈಕಲ್ ಹಾರಲ್ಲ. ನಿನ್ನ ಕಪ್ ಅಷ್ಟು ನಯ ಇರಲ್ಲ, ದುಡ್ಡು ದಂಡ.

ಪ್ಯಾಕೆಟ್ ಬಂದ ಮೇಲೆ ತೂಕ ಮಾಡಿ ನೋಡು. ಇದು ಅಂಗಡಿಯಲ್ಲಿ ನಾನು ಮಾಡುವ ಕೆಲಸ. ಕಾಲಿಂಚಿನ ಒಂದು ಗ್ರೋಸ್ ಸುಮಾರು 151 ಗ್ರಾಂ ತೂಗಬೇಕು. 6 ಎಂಎಂ ಕೊಟ್ಟಿದ್ದರೆ 128 ಗ್ರಾಂ ಹತ್ತಿರ ನಿಲ್ಲುತ್ತದೆ. 3/16 ಗ್ರೋಸ್ 64 ಗ್ರಾಂ, ಅದರ ಬದಲು 5 ಎಂಎಂ ಬಂದಿದ್ದರೆ 73ರ ಮೇಲೆ ಹೋಗುತ್ತದೆ. ವರ್ನಿಯರ್ ಇಲ್ಲದವರಿಗೂ ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ಗೊತ್ತಾಗುತ್ತದೆ. ಎಣಿಕೆ ಕಡಿಮೆ ಇದ್ದರೂ ತೂಕ ಕಡಿಮೆ ಬರುತ್ತದೆ, ಅದಕ್ಕೆ ಒಂದು ಸಲ ಎಣಿಸಿಕೋ.

ಗಟ್ಟಿ ಇದೆಯಾ ಅಂತ ಸುತ್ತಿಗೆಯಲ್ಲಿ ಹೊಡೆದು ನೋಡುವ ವಿಡಿಯೊ ಓಡಾಡುತ್ತಿವೆ. ಹಾಗೆ ಮಾಡಬೇಡ. ಚೂರು ಹಾರಿದರೆ ಕಣ್ಣು ಹೋಗುತ್ತದೆ. ಹೊಸ ಅರ ಇದ್ದರೆ ಒಂದೆಳೆ ಎಳೆದು ನೋಡು, ಕಚ್ಚದೆ ಜಾರಿದರೆ ಮೇಲ್ಮೈ ಗಟ್ಟಿ ಇದೆ ಅಂತ. ಒಳಗೂ ಗಟ್ಟಿ ಇದೆಯಾ ಅನ್ನೋದು ಇದರಲ್ಲಿ ಗೊತ್ತಾಗಲ್ಲ. ಅಗ್ಗದ ಕಾರ್ಬನ್ ಸ್ಟೀಲ್ ಬಾಲ್ಸ್‌ಗೆ ಮೇಲಿನ ಪದರ ಮಾತ್ರ ಗಟ್ಟಿ ಮಾಡಿರುತ್ತಾರೆ. ಆದ್ದರಿಂದಲೇ ಸೈಜ್, ಗ್ರೇಡ್, ಉಕ್ಕಿನ ನಂಬರ್ ಮೂರೂ ಅಚ್ಚಾಗಿರುವ ಡಬ್ಬಿ ಇರುವ ಬೇರಿಂಗ್ ಅಂಗಡಿಯಲ್ಲಿ ತಗೊಳ್ಳಬೇಕು. ಟ್ರ್ಯಾಕ್ಟರ್, ಪಂಪ್‌ಸೆಟ್ ಬೇರಿಂಗ್ ಮಾರುವ ಅಂಗಡಿಯಲ್ಲೂ ಕೇಳಿ ನೋಡು.

ಪ್ರಶ್ನೆ (ಜಗಳೂರು, ನಿವೃತ್ತ ಶಿಕ್ಷಕರು): ನನ್ನದು ಹಳೇ ಕಪ್ಪು ಸೈಕಲ್. ಒಂದೊಂದು ಕಡೆಗೆ ಎಷ್ಟು ಬಾಲ್ಸ್ ಹಾಕಬೇಕು? ಇಲ್ಲಿನ ಹುಡುಗ ಕಪ್ ತುಂಬ ತುರುಕಿದ. ಚಕ್ರ ಬಿಗಿ ಅನ್ನಿಸುತ್ತಿದೆ.

ಉತ್ತರ: ಮೇಷ್ಟ್ರೇ, ಸಾಮಾನ್ಯ ಲೆಕ್ಕ ಹೀಗೆ: ಹಿಂದೆ ಒಂದೊಂದು ಕಡೆ 9, ಮುಂದೆ ಒಂದೊಂದು ಕಡೆ 10. ಒಟ್ಟು 38. ಆದರೆ ಹಳೇ ಸೈಕಲ್‌ಗಳಲ್ಲಿ ಹಬ್ ಬದಲಾಗಿರುತ್ತದೆ. ಅದಕ್ಕೆ ನಂಬರ್ ನೆಚ್ಚಿಕೊಳ್ಳುವ ಬದಲು ಕಣ್ಣಲ್ಲಿ ನೋಡುವುದು ಒಳ್ಳೇದು. ಕಪ್ ಒಳಗೆ ಗ್ರೀಸ್ ಹಚ್ಚಿ, ಬಾಲ್ಸ್ ಸುತ್ತ ಜೋಡಿಸಿದಾಗ ಕೊನೆಗೆ ಸ್ವಲ್ಪ ಜಾಗ ಉಳಿಯಬೇಕು. ಒಂದು ಬಾಲ್ ಹಿಡಿಯುವಷ್ಟು ಜಾಗ ಬೇಡ, ಆದರೆ ಬಾಲ್ಸ್ ಒಂದನ್ನೊಂದು ಒತ್ತಿಕೊಂಡೂ ಇರಬಾರದು. ಒತ್ತಿ ಕೂರಿಸಿದ್ದರೆ ಒಂದು ತೆಗೆಯಿರಿ.

ತೆಗೆದ ಮೇಲೂ ಬಿಗಿ ಇದ್ದರೆ ಕೋನ್ ಜಾಸ್ತಿ ಬಿಗಿಸಿದ್ದಾರೆ ಅಂತ. ಆಕ್ಸಲ್ ಬೆರಳಲ್ಲಿ ತಿರುಗಿಸಿದರೆ ಮರಳು ಸಿಕ್ಕ ಹಾಗೆ ಅನ್ನಿಸಬಾರದು, ಪಕ್ಕಕ್ಕೆ ಅಲ್ಲಾಡಲೂಬಾರದು. ಹುಡುಗನಿಗೆ ಬಯ್ಯಬೇಡಿ, ತುಂಬಿಸಿದರೆ ಗಟ್ಟಿ ಅಂದುಕೊಂಡಿರುತ್ತಾನೆ.

ಪ್ರಶ್ನೆ (ಹರಿಹರ, ಸೈಕಲ್ ಅಂಗಡಿಯವರು): ಅಣ್ಣಾ, ನೀವು ಹೇಳೋದು ಪುಸ್ತಕದ ಮಾತು. ನಾವು ಹಳೇ ಬಾಲ್ಸ್ ಡೀಸೆಲ್‌ನಲ್ಲಿ ತೊಳೆದು, ಕಳೆದುಹೋದಷ್ಟಕ್ಕೆ ಹೊಸದು ಸೇರಿಸಿ ಹಾಕುತ್ತೇವೆ. ಗಿರಾಕಿ ಯಾರೂ ವಾಪಸ್ ಬಂದಿಲ್ಲ.

ಉತ್ತರ: ತೊಳೆದು ಹಾಕುವುದಕ್ಕೆ ನನ್ನ ತಕರಾರಿಲ್ಲ. ಭೂತಗನ್ನಡಿಯಲ್ಲಿ ನೋಡಿ ಎಲ್ಲವೂ ಕನ್ನಡಿ ಹಾಗೆ ಹೊಳೆಯುತ್ತಿದ್ದರೆ, ಅದೇ ಹಬ್‌ನ ಅದೇ ಕಡೆಗೆ ಹಾಕಿ. ರಾತ್ರಿ ಹೊತ್ತು ಗಿರಾಕಿ ನಿಂತಿದ್ದಾಗ ನಾನೂ ಹಾಗೆ ಕಳಿಸುತ್ತೇನೆ. ನನ್ನ ಜಗಳ ಇರುವುದು ಹೊಸದು ಸೇರಿಸುವುದರ ಜೊತೆ.

ಹಳೇ ಬಾಲ್ಸ್ ಸವೆದು ಚಿಕ್ಕದಾಗಿರುತ್ತವೆ. ಅದರ ನಡುವೆ ಎರಡು ಹೊಸದು ಹಾಕಿದರೆ ಆ ಎರಡೇ ದೊಡ್ಡವು. ಪಲ್ಲಕ್ಕಿ ಹೊರುವವರಲ್ಲಿ ಒಬ್ಬ ಮಾತ್ರ ಉದ್ದ ಇದ್ದರೆ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ? ಆ ಎರಡು ಬಾಲ್ಸ್ ಕೋನ್ ಮೇಲೆ ಹಳ್ಳ ತೋಡುತ್ತವೆ. ಬೇರೆ ಬೇರೆ ಕಂಪನಿಯ ಹೊಸ ಬಾಲ್ಸ್ ಬೆರೆಸಿದರೂ ಇದೇ ಕಥೆ, ಇಷ್ಟು ಜೋರಾಗಿ ಅಲ್ಲ ಅಷ್ಟೇ. ಒಂದೇ ಸೈಜ್ ಅಂತ ಬರೆದಿದ್ದರೂ ಒಂದು ಡಬ್ಬಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟಲ್ಲದಿದ್ದರೂ ವ್ಯತ್ಯಾಸ ಇರುತ್ತದೆ. ಮಿಕ್ಕ ಬಾಲ್ಸ್ ಬಾಟಲಿಗೆ ವಾಪಸ್ ಹಾಕಬೇಡಿ ಅಂತ ಮೇಲೆ ಅಕ್ಕನಿಗೆ ಹೇಳಿದ್ದಕ್ಕೂ ಇದೂ ಒಂದು ಕಾರಣ. ಅರ್ಧ ಖಾಲಿಯಾದ ಬಾಟಲಿಗೆ ಹೊಸ ಗ್ರೋಸ್ ಸುರಿಯುವುದನ್ನು ಮೊದಲು ನಿಲ್ಲಿಸಿ. ಹಳೇದು ಮುಗಿಯಲಿ, ಬಾಟಲಿ ತೊಳೆಯಿರಿ, ಆಮೇಲೆ ಹೊಸದು ತುಂಬಿ.

ಗಿರಾಕಿ ವಾಪಸ್ ಬರಲಿಲ್ಲ ಅಂದಿರಲ್ಲ. ಕೋನ್ ಹೋದ ಮೇಲೆ ಬೇರೆ ಅಂಗಡಿಗೆ ಹೋಗಿರುತ್ತಾನೆ! ತಮಾಷೆಗೆ ಅಂದೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ (ಚನ್ನಗಿರಿ): ಬಾಲ್ಸ್ ಉದುರದ ಹಾಗೆ ಅಯಸ್ಕಾಂತದ ತಟ್ಟೆಯಲ್ಲಿ ಇಟ್ಟರೆ ಆಗುತ್ತಾ? ಗ್ರೀಸ್ ಬದಲು ಕೊಬ್ಬರಿ ಎಣ್ಣೆ?

ಉತ್ತರ: ಎರಡಕ್ಕೂ ಬೇಡ ಅಂತೀನಿ. ಅಯಸ್ಕಾಂತದಲ್ಲಿ ಇಟ್ಟ ಬಾಲ್ಸ್‌ಗೆ ಸ್ವಲ್ಪ ಸೆಳೆತ ಉಳಿದುಬಿಡುತ್ತದೆ. ಸವೆದು ಬಿದ್ದ ಉಕ್ಕಿನ ಪುಡಿಯನ್ನು ಅವೇ ಎಳೆದು ಇಟ್ಟುಕೊಳ್ಳುತ್ತವೆ. ಸ್ಕ್ರೂಡ್ರೈವರ್ ತುದಿಗೆ ಚೂರು ಗ್ರೀಸ್ ಹಚ್ಚಿದರೆ ಬಾಲ್ ಅಂಟಿಕೊಂಡು ಬರುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಬಿದ್ದರೂ ಕಾಣುತ್ತದೆ.

ಕೊಬ್ಬರಿ ಎಣ್ಣೆ ತೆಳ್ಳಗೆ, ಹಬ್‌ನಲ್ಲಿ ನಿಲ್ಲಲ್ಲ. 24 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಜಿಗುಟಾಗುತ್ತದೆ. ಬೇರಿಂಗ್‌ಗೆ ಹಾಕುವ ಲಿಥಿಯಂ ಗ್ರೀಸ್ ಸಣ್ಣ ಡಬ್ಬಿ ತನ್ನಿ. ಮುಚ್ಚಳ ತೆರೆದಿಡಬೇಡಿ, ದೂಳು ಬಿದ್ದ ಗ್ರೀಸ್ ಹಾಕಿದರೆ ಹಬ್ ಒಳಗೆ ಉಜ್ಜುಕಾಗದ ಇಟ್ಟ ಲೆಕ್ಕವೇ.

ಪ್ರಶ್ನೆ (ದಾವಣಗೆರೆ): ಮನೆಯಲ್ಲಿ ಎರಡು ವರ್ಷದ ಮಗು. ಹುಡುಗರು ಕ್ಯಾಟರ್‌ಬಿಲ್ಲಿಗೂ ಬಾಲ್ಸ್ ಕದಿಯುತ್ತಾರೆ.

ಉತ್ತರ: ಬಾಟಲಿ ಅಟ್ಟದ ಮೇಲಿರಲಿ, ಕೆಲಸ ಮುಗಿದ ಮೇಲೆ ನೆಲ ಗುಡಿಸಿ ಎಣಿಸಿ. ನುಂಗಿದ ಅನುಮಾನ ಬಂದರೆ ಬಾಳೆಹಣ್ಣು ತಿನ್ನಿಸುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಕ್ಯಾಟರ್‌ಬಿಲ್ಲಿಗೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ, ಆ ಗುಂಡು ಬಡಿದರೆ ಕಣ್ಣು, ತಲೆ ಉಳಿಯಲ್ಲ.

ಪ್ರಶ್ನೆ (ಹಿರಿಯೂರು): ಹೋದ ವರ್ಷ ತಗೊಂಡ ಹೊಸ ಸೈಕಲ್. ಚಕ್ರ ಕಿರ್ ಅನ್ನುತ್ತಿದೆ. ಎಲ್ಲರೂ ಇಲ್ಲಿ ಹೇಳಿದ ಹಾಗೆ 38 ಬಾಲ್ಸ್ ತರಿಸಿಟ್ಟಿದ್ದೇನೆ. ಆದರೆ ಬಿಚ್ಚಿದರೆ ಒಳಗೆ ಬಾಲ್ಸೇ ಕಾಣುತ್ತಿಲ್ಲ, ರಬ್ಬರ್ ಮುಚ್ಚಳದ ಒಂದು ಉಂಗುರ ಇದೆ.

ಉತ್ತರ: ಅದು ಸೀಲ್ಡ್ ಬೇರಿಂಗ್ ಸಾರ್, ಬಾಲ್ಸ್ ಆ ಉಂಗುರದೊಳಗೇ ಮುಚ್ಚಿಕೊಂಡಿರುತ್ತವೆ. ಬಿಡಿ ಬಾಲ್ಸ್ ನಿಮಗೆ ಬೇಕಿಲ್ಲ. ಆ ರಬ್ಬರ್ ಮೇಲೋ ಉಂಗುರದ ಅಂಚಿನ ಮೇಲೋ ನಂಬರ್ ಕೊರೆದಿರುತ್ತದೆ, 6001 ಅಂತಲೋ ಇನ್ನೊಂದೋ. ಫೋಟೊ ತೆಗೆದು ಬೇರಿಂಗ್ ಅಂಗಡಿಯಲ್ಲಿ ತೋರಿಸಿ, ಎರಡೂ ಕಡೆ ರಬ್ಬರ್ ಇರುವುದನ್ನೇ ಕೇಳಿ. ಸುತ್ತಿಗೆಯಲ್ಲಿ ಒಳಗಿನ ಉಂಗುರಕ್ಕೆ ಹೊಡೆದು ಕೂರಿಸಬೇಡಿ, ಹೊರಗಿನ ಉಂಗುರಕ್ಕೆ ಸರಿಹೊಂದುವ ಪೈಪ್ ತುಂಡು ಇಟ್ಟು ತಟ್ಟಿ. ತರಿಸಿಟ್ಟ 38 ಬಾಲ್ಸ್ ಪ್ಯಾಕೆಟ್ ಒಡೆಯದಿದ್ದರೆ ಅಂಗಡಿಗೆ ವಾಪಸ್ ಕೊಡಿ.